ಒಂದು ಉಪಕಾರ ಆಗಬೇಕಿತ್ತು

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ನರ್ಸಾಗಿ ಬಂದ ಹುಡುಗಿ ಕಳೆದ ವಾರ ಕಾಸರಗೋಡಿನ ಕಡೆಯ ನೆಕ್ರಾಜೆಯ ನಮ್ಮ ಮನೆಗೆ ಬಂದಿದ್ದಳು. ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಐ.ಸಿ.ಯು.ನಲ್ಲಿ ಕೆಲಸ ಮಾಡಿ ಬಂದವಳು, ಚುರುಕು. ಚಾ ಕುಡಿದು ಲೋಟ ಕೆಳಗಿಟ್ಟು, "ಸಿಸ್ಟರ್, ಡ್ರೆಸ್ಸಿಂಗ್, ಟ್ಯೂಬ್ ಹಾಕುದು ಎಲ್ಲ ನನಗೆ ಬರ್ತದೆ. ಆದ್ರೆ ಈ ಮನೆಗಳ ಒಳಗೆ ಹೋಗುದು ಹೇಗೆ? ಜಗಲಿಯಲ್ಲೇ ನಿಲ್ಲಿಸ್ತಾರಲ್ಲ" ಎಂದಳು. ನನಗೆ ನಗು ಬಂತು. ಸೇರಿದ ಹೊಸತರಲ್ಲಿ ನಾನೂ ಅದೇ ಮಾತು ಹೇಳಿಕೊಂಡು ಓಡಾಡಿದ್ದೆ. ಅವಳಿಗೆ ಆ ದಿನ ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದೆ. ಹೇಳಿದ್ದು ಸಾಲದು ಅನ್ನಿಸಿ ಈಗ ಬರೆಯಲು ಕೂತಿದ್ದೇನೆ.

ನಮ್ಮದು ಪಾಲಿಯೇಟಿವ್ ತಂಡ. ಗುಣವಾಗದ ಕಾಯಿಲೆಯವರು, ಬಿದ್ದು ಸೊಂಟದ ಬಲ ಹೋದವರು, ಹಾಸಿಗೆ ಹಿಡಿದ ವಯಸ್ಸಾದವರು, ಇಂಥವರ ಮನೆಗೇ ಹೋಗಿ ಆರೈಕೆ ಮಾಡುವುದು ಕೆಲಸ. ಪಂಚಾಯತಿನ ಒಂದು ಜೀಪು, ಒಬ್ಬಳು ನರ್ಸು, ವಾರಕ್ಕೊಮ್ಮೆ ಜೊತೆಗೆ ಬರುವ ಡಾಕ್ಟರು, ಮತ್ತೆ ಊರಿನವರೇ ಆದ ಸ್ವಯಂಸೇವಕರು. ಜೀಪಿನ ಡ್ರೈವರ್ ಮೊಯ್ದುಚ್ಚ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತಿನಲ್ಲಿ ಎಲ್ಲರಿಗಿಂತ ಕಿರಿಯರು. ಬ್ಯಾರಿ, ಮಲಯಾಳ, ತುಳು, ಕನ್ನಡ ನಾಲ್ಕರಲ್ಲೂ ತಮಾಷೆ ಮಾಡುತ್ತಿದ್ದರು. ಅವರಿಲ್ಲದಿದ್ದರೆ ನಾನು ಈ ಕೆಲಸವನ್ನು ಮೊದಲ ಮಳೆಗಾಲಕ್ಕೇ ಬಿಡುತ್ತಿದ್ದೆ.

ಮೊದಮೊದಲು ಜನರಿಗೆ ನಮ್ಮ ಜೀಪು ಕಂಡರೆ ಆಗುತ್ತಿರಲಿಲ್ಲ. ಪಾಲಿಯೇಟಿವ್ ಎಂಬ ಬೋರ್ಡಿನ ಆ ಜೀಪು ಅಂಗಳದಲ್ಲಿ ನಿಂತರೆ ಆ ಮನೆಯಲ್ಲಿ ಯಾರೋ ಹೋಗುವವರಿದ್ದಾರೆ ಎಂದು ಅಕ್ಕಪಕ್ಕದವರು ಲೆಕ್ಕ ಹಾಕುತ್ತಿದ್ದರು. "ಜೀಪು ಶಾಲೆಯ ಹತ್ತಿರ ನಿಲ್ಲಿಸಿ, ಸಿಸ್ಟರ್ ಒಬ್ರೇ ನಡೆದುಕೊಂಡು ಬರ್ಲಿ" ಎಂದು ಹೇಳಿ ಕಳಿಸುವವರಿದ್ದರು. ಆಗಿನ ಡಾಕ್ಟರಿಗೆ ಬೆಳಿಗ್ಗೆ ಹೊರಟವರು ಎಷ್ಟು ಮನೆ ಮುಗಿಸಿದರು ಎನ್ನುವುದೇ ಮುಖ್ಯವಾಗಿತ್ತು. ಕೆಟ್ಟವರೇನಲ್ಲ, ಆದರೆ ರೋಗಿಯ ಜೊತೆ ಕೂತು ಮಾತಾಡಿದರೆ ಗಡಿಯಾರ ನೋಡುವವರು. ಅವರು ಹೋದ ಮೇಲೆ ಕೋಟಯಂ ಕಡೆಯ ಹುಡುಗಿಯೊಬ್ಬಳು ಡಾಕ್ಟರಾಗಿ ಬಂದಳು. ಕನ್ನಡದ ಒಂದು ಅಕ್ಷರ ಬಾರದು. ಮೊದಲ ದಿನ ಜೀಪಿನಲ್ಲಿ ನನ್ನನ್ನು ಮಲಯಾಳದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸಿಸ್ಟರ್, ಕೂತ್ಕೊಳ್ಳಿ ಅಂತ ಅವರು ಹೇಳಿದ್ರೆ ನನಗೆ ಅರ್ಥ ಆಗ್ಬೇಕು. ಅದನ್ನು ಕನ್ನಡದಲ್ಲಿ ಹೇಗೆ ಹೇಳ್ತಾರೆ?" ಅಂಥ ಮೇಲಧಿಕಾರಿ ಸಿಗುವುದು ಪುಣ್ಯ.

ಆ ಡಾಕ್ಟರಮ್ಮನ ಜೊತೆ ಹೋದ ಮೊದಲ ಮನೆಗಳಲ್ಲಿ ಆಯಿಶುಮ್ಮನದು ಒಂದು. ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ದೊಡ್ಡ ಹುಣ್ಣು. ಸೊಸೆ ನಮ್ಮನ್ನು ಕರೆಸಿದ್ದಳು, ಆದರೆ ಅತ್ತೆ ಕಾಲು ಚಾಚಲಿಲ್ಲ. ಮೂರು ಸಲ ಹೋದರೂ ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾಲ್ಕನೆಯ ಸಲ ಮೆಟ್ಟಿಲು ಹತ್ತುವಾಗ ನನ್ನ ಬ್ಯಾಗಿನ ಹಿಡಿ ಹರಿದು ಹತ್ತಿ, ಬ್ಯಾಂಡೇಜು ಎಲ್ಲ ಅಂಗಳಕ್ಕೆ ಚೆಲ್ಲಿತು. ಹೆಕ್ಕಿಕೊಂಡು ಒಳಗೆ ಬಂದೆ. ಆ ಉಮ್ಮ ಹಿಂದೆ ಕೈಯಿಂದ ಟೊಪ್ಪಿ ಹೊಲಿಯುತ್ತಿದ್ದವರು ಎಂದು ಮೊಯ್ದುಚ್ಚ ಹೇಳಿದ್ದು ನೆನಪಿತ್ತು. "ಉಮ್ಮ, ಇದಕ್ಕೆ ಎರಡು ಹೊಲಿಗೆ ಹಾಕಿ ಕೊಡ್ತೀರಾ? ನನಗೆ ಇನ್ನೂ ತುಂಬ ಮನೆ ಉಂಟು" ಎಂದೆ. ಉಪಾಯವೇನೂ ಮಾಡಿದ್ದಲ್ಲ, ನಿಜವಾಗಿ ಬ್ಯಾಗು ಹರಿದಿತ್ತು.

ಅವರು ಗೋಡೆಯಿಂದ ಈ ಕಡೆ ತಿರುಗಿದರು. ಬ್ಯಾಗನ್ನು ಹಿಂದೆ ಮುಂದೆ ನೋಡಿ, "ಎಂತಾ ಬ್ಯಾಗು ಮಾರಾಯ್ತಿ ಇದು, ಗೋಣಿಚೀಲದ ನೂಲು" ಎಂದು ಬೈದು, ಸೊಸೆಯಿಂದ ಸೂಜಿ ದಾರ ತರಿಸಿ ಕೂತರು. ಹೊಲಿಯುತ್ತ ಹೊಲಿಯುತ್ತ ಕಾಲು ತಾನಾಗಿ ಮುಂದೆ ಬಂತು. ಅವರು ಅತ್ತ ಬ್ಯಾಗು ಹೊಲಿದರು, ನಾನು ಇತ್ತ ಹುಣ್ಣು ತೊಳೆದೆ. ಹೊರಗೆ ಬಂದ ಮೇಲೆ ಡಾಕ್ಟರಮ್ಮ ಜೀಪಿನ ಬಾಗಿಲು ಹಿಡಿದುಕೊಂಡೇ ನಿಂತರು. "ಸಿಸ್ಟರ್, ನಾವು ಇಷ್ಟು ದಿನ ಅವರಿಗೆ ಬರೀ ನಾವು ಕೊಟ್ಟದ್ದನ್ನು ತೆಗೆದುಕೊಳ್ಳಿ ಅಂತ ಹೇಳ್ತಿದ್ದೆವು. ಯಾರಿಗೆ ಇಷ್ಟ ಆಗ್ತದೆ?" ಎಂದರು. ಮಲಯಾಳದಲ್ಲಿ ಹೇಳಿದ ಆ ಮಾತು ಆಮೇಲೆ ನನ್ನ ಇಡೀ ಕೆಲಸದ ರೀತಿಯನ್ನೇ ಬದಲಿಸಿತು.

ಇದೇ ವಿಷಯದ ಮೇಲೆ ನಮಗೆ ಕಾಸರಗೋಡಿನಲ್ಲಿ ಒಂದು ತರಬೇತಿಯೂ ಆಯಿತು. ತಿರುವನಂತಪುರದಿಂದ ಬಂದ ಮೇಷ್ಟ್ರೊಬ್ಬರು ಜನ ಯಾಕೆ ಪರಸ್ಪರ ನಂಬುತ್ತಾರೆ, ಯಾಕೆ ಸಹಾಯ ಮಾಡುತ್ತಾರೆ ಎಂದು ಆಟ ಆಡಿಸಿ ತೋರಿಸಿದರು. ಇಬ್ಬಿಬ್ಬರ ಜೋಡಿ. ಒಬ್ಬರ ಕೈಯಲ್ಲಿ ಒಂದಷ್ಟು ಮಿಠಾಯಿ. ಅದರಲ್ಲಿ ಎಷ್ಟನ್ನು ಎದುರಿನವರಿಗೆ ಕೊಡುತ್ತೀರೋ ಅದನ್ನು ಮೇಷ್ಟ್ರು ಇಮ್ಮಡಿ ಮಾಡುತ್ತಾರೆ. ಎದುರಿನವರು ಮನಸ್ಸಿದ್ದರೆ ನಿಮಗೆ ಪಾಲು ಹಿಂದೆ ಕೊಡಬಹುದು, ಇಲ್ಲದಿದ್ದರೆ ಇಲ್ಲ. ಹೆಚ್ಚಿನವರು ಅರ್ಧ ಇಟ್ಟುಕೊಂಡು ಅರ್ಧ ಕೊಟ್ಟರು. ಮೊಯ್ದುಚ್ಚ ಎಲ್ಲವನ್ನೂ ಕೊಟ್ಟುಬಿಟ್ಟರು. ಎದುರಿಗಿದ್ದ ಪಂಚಾಯತ್ ಕಚೇರಿಯವರೊಬ್ಬರು ಇಮ್ಮಡಿ ಮಿಠಾಯಿಯನ್ನು ಕಿಸೆಗೆ ತುಂಬಿಕೊಂಡು ಸುಮ್ಮನೆ ಕೂತರು. ಎಲ್ಲರೂ ನಕ್ಕರು. ಮೇಷ್ಟ್ರು, "ಈಗ ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿದರೆ ಮೊಯ್ದುಚ್ಚ, "ಎಂತ ಅನ್ನಿಸುದು ಸಾರ್, ಅವರ ಮನೆಯಲ್ಲಿ ಮಕ್ಕಳಿರಬಹುದು. ನನಗೆ ಹೇಗೂ ಶುಗರ್ ಉಂಟು" ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಕಚೇರಿಯವರೇ ಮೊಯ್ದುಚ್ಚನಿಗೆ ಜಾಗ ಹಿಡಿದು ಕೂರಿಸಿ ಬಡಿಸುತ್ತಿದ್ದರು. ಮೇಷ್ಟ್ರು ಅದನ್ನು ನೋಡಿದರೋ ಇಲ್ಲವೋ, ನಾನು ನೋಡಿದೆ.

ಇನ್ನು ಈಶ್ವರ ನಾಯ್ಕನ ವಿಷಯ. ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು ಮುಖ್ಯವಾಗಿ ಅವನಿಂದ.

ಅಡೂರಿನ ಕಡೆಯ ಒಂದು ಗುಡ್ಡದ ಮೇಲೆ ಅವನ ಮನೆ. ಮೂವತ್ತೈದರ ಆಸುಪಾಸು ವಯಸ್ಸು. ಮರಕ್ಕೆ ಏಣಿ ಇಟ್ಟು ಕರಿಮೆಣಸು ಕೊಯ್ಯುವುದು ಅವನ ಕಸುಬು. ಕೆಳಗಿನ ತೋಟದ ಗೋವಿಂದ ಭಟ್ಟರಲ್ಲಿ ಮೆಣಸು ಕೊಯ್ಯುವಾಗ ಬಿದ್ದು ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಚಲನೆ ಇಲ್ಲ. ಹೆಂಡತಿ ಲಲಿತಾ ಬೀಡಿ ಕಟ್ಟುತ್ತಿದ್ದಳು. ಆಸ್ಪತ್ರೆಯ ಖರ್ಚಿಗೆ ಭಟ್ಟರು ಸಹಾಯ ಮಾಡಿದ್ದರಂತೆ. ಆಮೇಲೆ ಆಳಿನ ಕೈಯಲ್ಲಿ ಅಕ್ಕಿ, ತೆಂಗಿನಕಾಯಿ ಕಳಿಸುತ್ತಿದ್ದರು. ಈಶ್ವರ ಅದನ್ನು ಅದೇ ಆಳಿನ ಕೈಯಲ್ಲಿ ವಾಪಸು ಕಳಿಸುತ್ತಿದ್ದ. ಸಣ್ಣಂದಿನಿಂದ ಒಟ್ಟಿಗೆ ಕೆಲಸ ಮಾಡಿದ ಇಬ್ಬರೂ ಮುಖ ನೋಡದೆ ವರ್ಷಗಳಾಗಿದ್ದವು. ಊರಿನವರು ಭಟ್ಟರದ್ದು ಕಲ್ಲಿನ ಮನಸ್ಸು ಎನ್ನುತ್ತಿದ್ದರು. ನಾನೂ ನಂಬಿದ್ದೆ.

ಈಶ್ವರನ ಮನೆಗೆ ಗಾಡಿ ಹೋಗುವ ದಾರಿ ಇರಲಿಲ್ಲ. ರಸ್ತೆಯಿಂದ ಮೇಲಕ್ಕೆ ಮುರಕಲ್ಲಿನ ಕೆಂಪು ಬಂಡೆಯಲ್ಲಿ ಕಡಿದ ಮೆಟ್ಟಿಲು, ಕಡಿದಾದ ಏರು. ಸುತ್ತುಬಳಸಿ ಇಳಿಜಾರಾಗಿ ದಾರಿ ಮಾಡಬೇಕಾದರೆ ಭಟ್ಟರ ಜಾಗದ ಅಂಚಿನಲ್ಲೇ ಹೋಗಬೇಕು. ವಾರ್ಡ್ ಮೆಂಬರ್ ಒಮ್ಮೆ ಕೇಳಿದರಂತೆ. ಭಟ್ಟರು ಹೂಂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಅದನ್ನು ಎಲ್ಲರೂ ಇಲ್ಲ ಎಂದೇ ತಿಳಿದರು.

ಆಗ ಒಂದು ಎಡವಟ್ಟಾಯಿತು. ಊರಿನ ಯುವಕರ ಸಂಘವೊಂದು ಈಶ್ವರನಿಗೆ ಗಾಲಿಕುರ್ಚಿ ಕೊಡುತ್ತೇವೆ ಎಂದು ಮುಂದೆ ಬಂತು. ನಮಗೆಲ್ಲ ಸಂತೋಷ. ಆ ದಿನ ಮೆಟ್ಟಿಲು ಹತ್ತಿ ಇಪ್ಪತ್ತು ಮಂದಿ ಬಂದರು. ಬ್ಯಾನರು, ಹಾರ, ಫೋಟೋ. ಈಶ್ವರನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿ, ಎಲ್ಲರೂ ಹಿಡಿಯ ಮೇಲೆ ಕೈಯಿಟ್ಟು ನಿಂತರು. ಒಬ್ಬರು ಭಾಷಣದಲ್ಲಿ "ಈ ನತದೃಷ್ಟ ಸಹೋದರ" ಎಂದರು. ಆ ಹೊತ್ತಿಗೆ ಅವನ ಮುಖ ನೋಡಿದವಳು ನಾನು. ಎಲ್ಲರೂ ಇಳಿದು ಹೋದ ಮೇಲೆ ಆ ಕುರ್ಚಿಯನ್ನು ಎಲ್ಲಿಗೂ ಉರುಳಿಸುವ ಹಾಗಿಲ್ಲ ಎನ್ನುವುದು ನೆನಪಾಯಿತು. ಅಂಗಳ ದಾಟಿದರೆ ಮೆಟ್ಟಿಲು. ಲಲಿತಾ ಅದರ ಮೇಲೆ ಗೋಣಿ ಹೊದೆಸಿ ಕೊಟ್ಟಿಗೆಯಲ್ಲಿಟ್ಟಳು.

ಮುಂದಿನ ಸಲ ನಾವು ಹೋದಾಗ ಬಾಗಿಲು ಹಾಕಿತ್ತು. ಒಳಗಿನಿಂದಲೇ, "ಸಿಸ್ಟರ್, ನನಗೆ ಯಾರೂ ಬೇಡ. ಮೂತ್ರದ ಟ್ಯೂಬ್ ಬದಲಿಸ್ಲಿಕ್ಕೆ ಲಲಿತಾ ಕಲಿತಿದ್ದಾಳೆ" ಎಂದ. ಕಲಿತಿರಲಿಲ್ಲ ಎಂದು ಅಂಗಳದಲ್ಲಿ ನಿಂತಿದ್ದ ಅವಳ ಕಣ್ಣು ಹೇಳುತ್ತಿತ್ತು. ಒಂದು ತಿಂಗಳಲ್ಲಿ ಬೆನ್ನ ಹುಣ್ಣು ಕೀವಾಗಿ ಜ್ವರ ಬಂದು ಅವನನ್ನು ಚಾಪೆಯಲ್ಲಿ ಕಟ್ಟಿ ಮೆಟ್ಟಿಲಿಳಿಸಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಉಳಿಯುತ್ತಾನೋ ಇಲ್ಲವೋ ಎನ್ನುವ ಹಾಗಾಗಿತ್ತು. ಉಳಿದ. ಆದರೆ ಮನೆಗೆ ಬಂದವನು ಮಾತು ಬಿಟ್ಟಿದ್ದ. ಊಟವನ್ನೂ ಅರ್ಧಕ್ಕೆ ಬಿಡುತ್ತಿದ್ದ.

ಡಾಕ್ಟರಮ್ಮ ಅವನ ವಿಷಯವನ್ನೇ ತಲೆಯಲ್ಲಿಟ್ಟುಕೊಂಡಿದ್ದರು. ಒಂದು ದಿನ ಜೀಪಿನಲ್ಲಿ ನಾನು ಫೋನಿನ ಮೇಲೆ ಸಿಡುಕುತ್ತಿದ್ದೆ. ತಂಡದ ನಂಬರು ನನ್ನ ಕೈಯಲ್ಲಿತ್ತು. ಬಾಯಾರು ಊರಿನಲ್ಲಿರುವ ತಂಗಿ ಕರೆ ಮಾಡಿದರೂ ಎತ್ತಲು ಪುರುಸೊತ್ತಿಲ್ಲದ ಹಾಗೆ ಅದು ಬಡಿದುಕೊಳ್ಳುತ್ತಿತ್ತು. ಗುಡ್ಡದ ಹಿಂದೆ ಹೋದರೆ ರೇಂಜ್ ಇಲ್ಲ. ಕೈಯಲ್ಲಿ ಗ್ಲೌಸ್ ಇರುವಾಗ ಎತ್ತಲಾಗುವುದಿಲ್ಲ. "ಈ ಫೋನ್ ನೋಡಿಕೊಳ್ಳಲಿಕ್ಕೆ ಒಬ್ಬರಿದ್ದರೆ ಸಾಕಿತ್ತು" ಎಂದೆ. ಡಾಕ್ಟರಮ್ಮ ಹಿಂದಿನ ಸೀಟಿನಿಂದ, "ಈಶ್ವರನ ಮನೆಯಲ್ಲಿ ರೇಂಜ್ ಉಂಟಾ?" ಎಂದರು. ಆ ಹೊತ್ತಿಗೆ 'ಉಂಟಾ' ಹೇಳಲು ಕಲಿತಿದ್ದರು.

ಗುಡ್ಡದ ತುದಿ, ರೇಂಜಿಗೇನು ಕೊರತೆ. ರೋಗಿಯ ಕೈಗೆ ತಂಡದ ಫೋನು ಕೊಡುವುದೇ ಎಂದು ಕೆಲವರು ಹುಬ್ಬೇರಿಸಿದರು. ಡಾಕ್ಟರಮ್ಮ ತಾನು ಜವಾಬ್ದಾರಿ ಎಂದು ಹೇಳಿ ಒಪ್ಪಿಸಿದರು. ಒಂದು ಬೆಳಿಗ್ಗೆ ನಾನು ಅವನ ಡ್ರೆಸ್ಸಿಂಗ್ ಮುಗಿಸಿ, ಹಾಸಿಗೆಯ ಬದಿಯಲ್ಲಿ ಕೂತು ಹೇಳಿದೆ: "ಈಶ್ವರ, ಒಂದು ಉಪಕಾರ ಆಗ್ಬೇಕಿತ್ತು."

ಗೋಡೆ ನೋಡುತ್ತಿದ್ದವನು ತಿರುಗಲಿಲ್ಲ. "ನನ್ನಿಂದ ಎಂತ ಉಪಕಾರ?"

"ಫೋನ್ ಎತ್ತಬೇಕು. ಯಾರಿಗೆ ಎಂತ ಬೇಕು ಕೇಳ್ಬೇಕು. ಯಾರು ಹೋಗಬಹುದು ನೋಡಿ ಕಳಿಸ್ಬೇಕು. ನನ್ನಿಂದ ಆಗ್ತಾ ಇಲ್ಲ. ನಿಜವಾಗಿ ಆಗ್ತಾ ಇಲ್ಲ."

ಗೋಡೆಯಿಂದ ಕಣ್ಣು ತೆಗೆದು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ. ಆಮೇಲೆ, "ಚಾರ್ಜರ್ ಕೊಟ್ಟು ಹೋಗಿ" ಎಂದ.

ಮೊದಲ ವಾರ ಅವನು ಬರಿಯ ಹೂಂ, ಆಯ್ತು ಎನ್ನುತ್ತಿದ್ದನಂತೆ. ತಿಂಗಳೊಳಗೆ ನಮ್ಮ ತಂಡದ ಚಹರೆಯೇ ಬದಲಾಯಿತು. ಅವನು ಕೇಳುವ ರೀತಿಯನ್ನು ನಾನು ಎಷ್ಟೋ ದಿನ ಹಾಸಿಗೆಯ ಪಕ್ಕ ಕೂತು ಕೇಳಿಸಿಕೊಂಡಿದ್ದೇನೆ. ಹಿಂದೆ ನಾವು ವಾಟ್ಸಾಪ್ ಗುಂಪಿನಲ್ಲಿ "ನಾಳೆ ಯಾರಾದರೂ ಬರಬಹುದೇ" ಎಂದು ಹಾಕುತ್ತಿದ್ದೆವು. ಎಲ್ಲರೂ ಓದುತ್ತಿದ್ದರು, ಬೇರೆ ಯಾರಾದರೂ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ಈಶ್ವರ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತಿದ್ದ. ಅದೂ ಸಣ್ಣ ಕೆಲಸ. "ಸದಾನಂದಣ್ಣ, ನೀವು ಹೇಗೂ ಪೇಟೆಗೆ ಹೋಗ್ತೀರಲ್ಲ, ಬರುವಾಗ ಆ ಅಜ್ಜನ ಮಾತ್ರೆ ಹಿಡ್ಕೊಂಡು ಬರ್ತೀರಾ? ಗೇಟಿನಲ್ಲಿ ಕೊಟ್ರೆ ಸಾಕು." ಗೇಟಿನಲ್ಲಿ ಕೊಡಲು ಹೋದವರನ್ನು ಅಜ್ಜ ಒಳಗೆ ಕರೆದು ಕೂರಿಸುತ್ತಿದ್ದರು. ಸಂಜೆ ಈಶ್ವರ ಮತ್ತೆ ಫೋನ್ ಮಾಡುತ್ತಿದ್ದ: "ಅಜ್ಜ ಇವತ್ತು ನಿದ್ದೆ ಮಾಡಿದ್ರಂತೆ, ನೀವು ತಂದದ್ದಕ್ಕೆ." ಆ ಎರಡನೆಯ ಫೋನು ನಾವು ಯಾರೂ ಯಾವತ್ತೂ ಮಾಡಿದ್ದಿಲ್ಲ. ಬರಲಾಗದವರನ್ನು ಅವನು ಬೈಯುತ್ತಿರಲಿಲ್ಲ, ಲಿಸ್ಟಿನಿಂದ ತೆಗೆಯುತ್ತಲೂ ಇರಲಿಲ್ಲ. ಒಂದು ವಾರ ಬಿಟ್ಟು ಇನ್ನೂ ಸಣ್ಣದೊಂದು ಕೆಲಸ ಹಿಡಿದು ಮತ್ತೆ ಕೇಳುತ್ತಿದ್ದ.

ಈ ಸದಾನಂದ ಮದುವೆ ಮನೆಗಳಿಗೆ ಶಾಮಿಯಾನ, ಮೈಕು, ಜನರೇಟರ್ ಬಾಡಿಗೆಗೆ ಕೊಡುವ ಮನುಷ್ಯ. ಸಿಟ್ಟಿನವನು ಎಂದು ಹೆಸರು. ಮಾತ್ರೆ ತರುವುದರಿಂದ ಶುರುವಾದವನು ಆರು ತಿಂಗಳಲ್ಲಿ ತಾನೇ ಅಜ್ಜನಿಗೆ ಸ್ನಾನ ಮಾಡಿಸುವಷ್ಟರ ಮಟ್ಟಿಗೆ ಬಂದ. ಯಾಕೆ ಎಂದು ಒಮ್ಮೆ ಕೇಳಿದೆ. "ಈಶ್ವರ ಕೇಳಿದ್ರೆ ಇಲ್ಲ ಹೇಳ್ಲಿಕ್ಕೆ ಆಗುದಿಲ್ಲ ಸಿಸ್ಟರ್. ಅವನು ಮಲಗಿದಲ್ಲಿಂದ ಅಷ್ಟು ಮಾಡ್ತಾನೆ" ಎಂದ.

ಒಂದು ಮಧ್ಯಾಹ್ನ ದೊಡ್ಡ ಗಾಳಿಮಳೆ. ಮರ ಬಿದ್ದು ಲೈನು ಹರಿದು ಇಡೀ ಭಾಗಕ್ಕೆ ಕರೆಂಟ್ ಇಲ್ಲ. ನಾನು, ಮೊಯ್ದುಚ್ಚ ಗುಡ್ಡದಾಚೆ ಸಿಕ್ಕಿಬಿದ್ದಿದ್ದೆವು. ಮುಂದೆ ನಡೆದದ್ದನ್ನು ಲಲಿತಾ ಹೇಳಿದ್ದು. ಫೋನು ಬಡಿಯಿತು. ಈಶ್ವರ ಎತ್ತಿದ. ಆ ಕಡೆಯಿಂದ ಗಾಬರಿಯ ದನಿ: "ಪಾಲಿಯೇಟಿವ್‌ನವರಾ? ಅಕ್ಕನಿಗೆ ಉಸಿರು ಸಿಕ್ಕುದಿಲ್ಲ. ಆಕ್ಸಿಜನ್ ಮಿಶಿನ್ ನಿಂತಿದೆ. ಬ್ಯಾಟರಿಯೂ ಮುಗೀತು. ಬೇಗ ಯಾರಾದ್ರೂ..." ಗೋವಿಂದ ಭಟ್ಟರ ದನಿ. ಅವರ ಅಕ್ಕ ಶ್ವಾಸಕೋಶದ ಕಾಯಿಲೆಯಿಂದ ಮನೆಯಲ್ಲೇ ಯಂತ್ರದ ಮೇಲಿದ್ದರು; ನಾನು ತಿಂಗಳಿಗೊಮ್ಮೆ ನೋಡುತ್ತಿದ್ದೆ. ನಂಬರಿನ ಆ ಕಡೆ ಕೂತವನು ಯಾರೆಂದು ಭಟ್ಟರಿಗೆ ಗೊತ್ತಿರಲಿಲ್ಲ.

ಈಶ್ವರ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದನಂತೆ. ಆಮೇಲೆ, "ಭಟ್ರೇ, ನಾನು ಈಶ್ವರ. ಅಕ್ಕನನ್ನು ಎಬ್ಬಿಸಿ ಮುಂದಕ್ಕೆ ಬಾಗಿಸಿ ಕೂರಿಸಿ. ಕಿಟಕಿ ತೆಗೀರಿ. ನಾನು ಕಳಿಸ್ತೇನೆ" ಎಂದ. ಸದಾನಂದನಿಗೆ ಫೋನ್. ರಸ್ತೆಯಲ್ಲಿ ಮರ ಬಿದ್ದು ವಾಹನ ಹೋಗುವ ಹಾಗಿಲ್ಲ. ನಾಲ್ವರು ಜನರೇಟರನ್ನು ಬಡಿಗೆಗೆ ಕಟ್ಟಿ ಹೆಗಲ ಮೇಲೆ ಹೊತ್ತುಕೊಂಡು ಮಳೆಯಲ್ಲೇ ಭಟ್ಟರ ಅಂಗಳಕ್ಕೆ ಇಳಿದರು. ಯಂತ್ರ ಮತ್ತೆ ಓಡುವವರೆಗೂ ಈಶ್ವರ ಫೋನು ಕಿವಿಯಿಂದ ತೆಗೆದಿರಲಿಲ್ಲ. ಆ ಕಡೆ ಭಟ್ಟರೂ ಇಟ್ಟಿರಲಿಲ್ಲ. ಇಬ್ಬರೂ ಬೇರೆ ಮಾತೇನೂ ಆಡಲಿಲ್ಲ.

ಇಷ್ಟಾದ ಮೇಲೆ ಭಟ್ಟರು ಬರುತ್ತಾರೆ ಎಂದು ನಾವೆಲ್ಲ ಕಾದೆವು. ಬರಲಿಲ್ಲ. ನನಗೇ ಸಿಟ್ಟು ಬಂತು. ಅಕ್ಕನನ್ನು ನೋಡಲು ಹೋದ ದಿನ ಕೇಳಿಯೇಬಿಟ್ಟೆ. "ಭಟ್ರೇ, ಮೇಲೆ ಒಮ್ಮೆ ಹೋಗಿ ಬರಬಹುದಿತ್ತಲ್ಲ?"

ಅವರು ಚಾವಡಿಯ ಕಂಬ ಹಿಡಿದು ನಿಂತಿದ್ದರು. "ಯಾವ ಮುಖದಲ್ಲಿ ಹೋಗುದು ಸಿಸ್ಟರ್? ಆ ದಿನ ಏಣಿ ಹಿಡಿದದ್ದು ನಾನು. ದನ ಬೇಲಿ ದಾಟಿ ತರಕಾರಿಗೆ ನುಗ್ಗಿತು ಅಂತ ಒಂದು ನಿಮಿಷ ಕೈ ಬಿಟ್ಟೆ. ಇದನ್ನು ನಾನು ಯಾರಿಗೂ ಹೇಳಿದ್ದಿಲ್ಲ."

"ದಾರಿ ಆದ್ರೂ ಕೊಡಬಹುದಿತ್ತು."

"ಮೆಂಬರ್ ಕೇಳಿದಾಗ ಕೊಡ್ತೇನೆ ಹೇಳಿದ್ರೆ ಎಂತ ಆಗ್ತಿತ್ತು? ಬೀಳಿಸಿದ್ದಕ್ಕೆ ದಂಡ ಕಟ್ಟಿದ ಹಾಗೆ. ಅವನು ಅಕ್ಕಿಯನ್ನೇ ವಾಪಸು ಕಳಿಸುವವ. ದಾರಿಯನ್ನೂ ವಾಪಸು ಕಳಿಸಿದ್ರೆ?" ಎಂದು ಹೇಳಿ ಒಳಗೆ ಹೋದರು. ಕಲ್ಲಿನ ಮನಸ್ಸು ಎಂದು ನಾವು ಕರೆದದ್ದು ನಾಚಿಕೆಯಲ್ಲಿ ಬೇಯುತ್ತಿದ್ದ ಮನಸ್ಸಾಗಿತ್ತು. ಈ ಮಾತನ್ನು ಮೇಲೆ ಹೋಗಿ ಈಶ್ವರನಿಗೆ ಹೇಳಲೇ ಎಂದು ಎಷ್ಟೋ ಸಲ ಅನ್ನಿಸಿತು. ಹೇಳಲಿಲ್ಲ. ರೋಗಿಗಳ ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯಬಾರದು. ಹೊಸಬರೇ, ಇದೊಂದನ್ನು ಮರೆಯಬೇಡಿ. ಒಯ್ದರೆ ಒಳ್ಳೆಯದೇ ಆಗಬಹುದು ಅನ್ನಿಸುವಾಗಲೂ ಒಯ್ಯಬಾರದು.

ಕೊರೋನಾ ಬಂತು. ನಮ್ಮ ಕಡೆಯವರಿಗೆ ಆ ದಿನಗಳನ್ನು ವಿವರಿಸಬೇಕಾಗಿಲ್ಲ. ಮದ್ದಿಗೆ, ಡಾಕ್ಟರಿಗೆ, ಹೆರಿಗೆಗೆ ಎಲ್ಲದಕ್ಕೂ ಮಂಗಳೂರನ್ನೇ ನಂಬಿದವರು ನಾವು. ನಮ್ಮ ಕೇರಳಕ್ಕೂ ಕರ್ನಾಟಕಕ್ಕೂ ನಡುವಿನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಈಶ್ವರನ ಫೋನು ಬೆಳಗಿನಿಂದ ಸಂಜೆಯವರೆಗೆ ನಿಲ್ಲಲಿಲ್ಲ. ಆ ವಾರ ನಾನು ಅವನ ಮನೆಯಲ್ಲಿದ್ದಾಗ ಒಬ್ಬಳು ತಾಯಿಯ ಕರೆ ಬಂತು. ಹತ್ತು ವರ್ಷದ ಮಗಳಿಗೆ ಫಿಟ್ಸ್. ಮಂಗಳೂರಿನ ಡಾಕ್ಟರು ಬರೆದ ಮದ್ದು ಇಲ್ಲಿನ ಯಾವ ಅಂಗಡಿಯಲ್ಲೂ ಇಲ್ಲ, ಮನೆಯಲ್ಲಿರುವುದು ನಾಡಿದ್ದಿಗೆ ಮುಗಿಯುತ್ತದೆ. ಮದ್ದು ತಪ್ಪಿದರೆ ಆ ಮಗುವಿಗೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರಮ್ಮ ತನ್ನ ಕಡೆಯಿಂದ ಎಲ್ಲ ಕಡೆ ಫೋನ್ ಮಾಡುತ್ತಿದ್ದರು. ಕಣ್ಣೂರಿನ ಕಡೆ ಹುಡುಕಿದರು. ಸಿಗಲಿಲ್ಲ.

ಈಶ್ವರ ಫೋನನ್ನು ಎದೆಯ ಮೇಲಿಟ್ಟುಕೊಂಡು ಮಾಡಿನ ಹಂಚು ನೋಡುತ್ತಿದ್ದ. "ಗಡಿಯ ಆಚೆ ಬದಿಯಲ್ಲಿ ಭಟ್ರ ಭಾವನ ಮನೆ ಉಂಟು" ಎಂದ. "ಮಂಗಳೂರಿನಿಂದ ತರಕಾರಿ ಗಾಡಿ ಅಲ್ಲಿವರೆಗೆ ಬರ್ತದೆ."

ಲಲಿತಾ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟಳು. ಅವನು ನಂಬರು ಒತ್ತಿದ.

"ಭಟ್ರೇ, ಈಶ್ವರ. ಒಂದು ಉಪಕಾರ ಆಗ್ಬೇಕಿತ್ತು."

ಸ್ಪೀಕರಿನಲ್ಲಿ ಭಟ್ಟರ ದನಿ ಒಡೆದು ಬಂತು. "ಹೇಳು ಮಾರಾಯ. ಎಂತ ಬೇಕಾದ್ರೂ ಹೇಳು."

ಮರುದಿನ ಮಧ್ಯಾಹ್ನ ಭಟ್ಟರನ್ನು ನಮ್ಮ ಜೀಪಿನಲ್ಲಿ ಹತ್ತಿಸಿಕೊಂಡು ಗಡಿಗೆ ಹೋದೆವು. ರಸ್ತೆಗೆ ಅಡ್ಡವಾಗಿ ಆಳೆತ್ತರದ ಮಣ್ಣಿನ ರಾಶಿ. ಈಚೆ ನಮ್ಮ ಪೊಲೀಸರು, ಆಚೆ ಅವರ ಪೊಲೀಸರು. ಆಚೆಯಲ್ಲಿ ಭಟ್ಟರ ಭಾವ ಕೈಚೀಲ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಅವರನ್ನು ರಾಶಿಯ ಹತ್ತಿರ ಬಿಡಲಿಲ್ಲ. ಮೊಯ್ದುಚ್ಚ ದೂರದಿಂದಲೇ ಕೂಗಿ ವಿಷಯ ಹೇಳಿದರು: ಮಗು, ಫಿಟ್ಸ್, ನಾಳೆ ಮದ್ದು ಮುಗಿಯುತ್ತದೆ. ಆಚೆಯ ಪೊಲೀಸರಲ್ಲಿ ಒಬ್ಬ, ವಯಸ್ಸಾದ ಕಾನ್‌ಸ್ಟೇಬಲ್, ಭಾವನ ಕೈಯಿಂದ ಚೀಲ ತೆಗೆದುಕೊಂಡು ತೆರೆದು ನೋಡಿ, ಬೂಟುಗಾಲಿನಲ್ಲಿ ರಾಶಿ ಹತ್ತಿ ತುದಿಯಲ್ಲಿಟ್ಟು ಇಳಿದ. ಈಚೆಯವನೊಬ್ಬ ಹತ್ತಿ ಅದನ್ನು ತೆಗೆದುಕೊಂಡು ಬಂದು ನಮಗೆ ಕೊಟ್ಟ. ನಾವು ಹೊರಡುವಾಗ ಆಚೆಯವನು, "ಮಗುವಿಗೆ ಹೇಗಾಯ್ತು ಅಂತ ಇಲ್ಲಿಗೆ ಯಾರಾದ್ರೂ ಹೇಳಿ" ಎಂದು ಕನ್ನಡದಲ್ಲಿ ಕೂಗಿದ. ಅವನ ಹೆಸರು ನಮಗೆ ಗೊತ್ತಾಗಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮಗುವಿನ ಮನೆಗೆ ಹೋಗುವ ದಾರಿಯಲ್ಲೇ ಈಶ್ವರನ ಗುಡ್ಡ. ಭಟ್ಟರು, "ಇಲ್ಲಿ ಒಂದು ನಿಮಿಷ ನಿಲ್ಲಿಸಿ" ಎಂದರು. ಮದ್ದಿನ ಚೀಲ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೋದೆ. ಈಶ್ವರನ ಹಾಸಿಗೆ ಜಗಲಿಯ ಕಿಟಕಿಯ ಬಳಿ ಇತ್ತು. ಭಟ್ಟರು ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ನಿಂತರು. ಏದುಸಿರು ಬಿಡುತ್ತಿದ್ದರು.

"ಮದ್ದು ಬಂತು, ಈಶ್ವರ. ನಿನಗೆ ತೋರಿಸಿಯೇ ಹೋಗುವ ಅಂತ."

"ಬನ್ನಿ ಭಟ್ರೇ. ಕೂತ್ಕೊಳ್ಳಿ."

"ಕೂತ್ಕೊಳ್ಳುದಿಲ್ಲ. ಆ ದಿನ ಏಣಿ..."

"ಏಣಿ ವಿಷಯ ನನಗೆ ಗೊತ್ತುಂಟು."

"ಇಲ್ಲ, ನಾನು ಕೈ ಬಿಟ್ಟದ್ದು..."

"ಗೊತ್ತುಂಟು ಅಂದೆ ಅಲ್ವಾ. ಮೇಲಿಂದ ಎಲ್ಲ ಕಾಣ್ತದೆ. ದನ ಬೇಲಿ ದಾಟಿತ್ತು, ನೀವು ಓಡಿದ್ರಿ. ಹಿಡಿದಿದ್ರೆ ಬೀಳ್ತಿರ್ಲಿಲ್ಲವೋ ಎಂತವೋ, ಅದನ್ನು ಯೋಚನೆ ಮಾಡಿ ಮಾಡಿ ಬಿಟ್ಟಾಯ್ತು. ಅದಕ್ಕೆ ನನಗೆ ಸಿಟ್ಟಿಲ್ಲ." ಅವನು ಕಿಟಕಿಯ ಸರಳು ಹಿಡಿದುಕೊಂಡ. "ನೀವು ನನ್ನನ್ನು ನೋಡ್ಲಿಕ್ಕೆ ಬರ್ಲಿಲ್ಲ ಅಲ್ವಾ, ಅದಕ್ಕೆ ಸಿಟ್ಟು. ಆಳಿನ ಕೈಯಲ್ಲಿ ಅಕ್ಕಿ ಕಳಿಸಿದ್ರಿ. ಅದಕ್ಕೆ. ಅದು ಇನ್ನೂ ಉಂಟು."

"ಇರ್ಲಿ" ಎಂದರು ಭಟ್ಟರು. "ಇರುದೇ." ಹಾಗೆ ಹೇಳಿದವರು ಮೆಟ್ಟಿಲ ಮೇಲೆ ಕುಸಿದು ಕೂತು ಹೆಗಲ ಮೇಲಿನ ಬೈರಾಸು ಬಟ್ಟೆಯಿಂದ ಮುಖ ಮುಚ್ಚಿಕೊಂಡರು. ಲಲಿತಾ ಬೆಲ್ಲ, ನೀರು ತಂದು ಅವರ ಪಕ್ಕ ಇಟ್ಟಳು. ಕೆಳಗೆ ಮೊಯ್ದುಚ್ಚ ಹಾರ್ನ್ ಹಾಕಿದರು, ಮದ್ದು ತಲುಪಬೇಕಲ್ಲ. ಭಟ್ಟರು ನೀರು ಕುಡಿದು ಎದ್ದರು.

"ಭಟ್ರೇ" ಎಂದ ಈಶ್ವರ. "ಇನ್ನೊಂದು ಉಪಕಾರ."

"ದಾರಿಯಾ?"

"ಹೌದು."

"ಎಷ್ಟು ಅಗಲ ಬೇಕು?"

"ಕುರ್ಚಿ ಹೋಗುವಷ್ಟು."

"ಜೀಪು ಬರುವಷ್ಟು ತೆಗಿ" ಎಂದು ಹೇಳಿ ಭಟ್ಟರು ಇಳಿದರು. ಮಗುವಿಗೆ ಮದ್ದು ತಪ್ಪಲಿಲ್ಲ.

ನಿರ್ಬಂಧಗಳು ಸಡಿಲವಾದ ಮೇಲೆ ದಾರಿಯ ಕೆಲಸ ನಡೆಯಿತು. ಪಂಚಾಯತಿನ ಮಂಜೂರಾತಿಗೆ ಯಾರೂ ಕಾಯಲಿಲ್ಲ. ಜೆ.ಸಿ.ಬಿ. ಎರಡು ದಿನ ಬಂತು, ಉಳಿದದ್ದು ಕೈಕೆಲಸ. ಈಶ್ವರ ಹಾಸಿಗೆಯಿಂದಲೇ ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆದ. ಹಿಂದೊಮ್ಮೆ ಬ್ಯಾನರ್ ಹಿಡಿದು ಬಂದಿದ್ದ ಸಂಘದ ಯುವಕರೂ ಬಂದರು, ಈ ಸಲ ಗುದ್ದಲಿ ಹಿಡಿದು. ಮಂಗಳೂರಿನ ಮದ್ದು ತಿಂದ ಮಗುವಿನ ತಂದೆ ಬಂದ. ಬಂದವರಿಗೆಲ್ಲ ಭಟ್ಟರ ಮನೆಯಲ್ಲಿ ಗಂಜಿ, ಚಟ್ನಿ. ಮುರಕಲ್ಲನ್ನು ಕಡಿದು ಬದಿ ಕಟ್ಟುವಾಗ ಸದಾನಂದ ಭಟ್ಟರ ಜೊತೆ ಜಗಳವಾಡಿದ, ತಿರುವು ಎಲ್ಲಿ ಇರಬೇಕು ಎಂದು. ಇಬ್ಬರೂ ಅರ್ಧ ದಿನ ಮಾತು ಬಿಟ್ಟು ಮತ್ತೆ ಒಂದೇ ಕಲ್ಲಿಗೆ ಕೈ ಹಾಕಿದರು. ಡಾಕ್ಟರಮ್ಮನಿಗೆ ಆ ಹೊತ್ತಿಗೆ ವರ್ಗವಾಗಿತ್ತು. ವಿಡಿಯೋ ಕಾಲ್‌ನಲ್ಲಿ ದಾರಿ ನೋಡಿ, "ಚೆನ್ನಾಗುಂಟು, ತುಂಬ ಚೆನ್ನಾಗುಂಟು" ಎಂದರು.

ನಾನು ಸರ್ವೀಸಿನಲ್ಲಿ ಕಂಡ ಒಳ್ಳೆಯತನದಲ್ಲಿ ಹೆಚ್ಚಿನದು ಯಾರೋ ಕೇಳುವವರೆಗೆ ಕಾಯುತ್ತ ಕೂತಿತ್ತು. ಜನರ ಮನಸ್ಸನ್ನು ಓದಿದವರು ಇದಕ್ಕೆ ದೊಡ್ಡ ಹೆಸರುಗಳನ್ನು ಇಟ್ಟಿರಬಹುದು. ನನಗೆ ಇದನ್ನು ಕಲಿಸಿದ್ದು ಹಾಸಿಗೆಯಲ್ಲಿ ಮಲಗಿದ್ದ ಒಬ್ಬ.

ದಾರಿಯಾದ ಮೇಲಿನ ಸೋಮವಾರ ಎಂದಿನಂತೆ ಈಶ್ವರನ ಟ್ಯೂಬ್ ಬದಲಿಸುವ ದಿನ. ಮೊದಲ ಸಲ ನಮ್ಮ ಜೀಪು ಅವನ ಅಂಗಳದವರೆಗೆ ಹೋಯಿತು. ಇಳಿದು ನೋಡಿದರೆ ಜಗಲಿಯಲ್ಲಿ ಹಾಸಿಗೆ ಖಾಲಿ. ನಮ್ಮ ಕೆಲಸದಲ್ಲಿ ಖಾಲಿ ಹಾಸಿಗೆಗೆ ಅರ್ಥ ಒಂದೋ ಆಸ್ಪತ್ರೆ, ಅಲ್ಲದಿದ್ದರೆ ಬಾಯಲ್ಲಿ ಹೇಳಲಾಗದ್ದು. ಮೊಯ್ದುಚ್ಚನೂ ಇಂಜಿನ್ ಆಫ್ ಮಾಡಿ ಸ್ಟೀರಿಂಗ್ ಹಿಡಿದುಕೊಂಡೇ ಕೂತರು. "ಲಲಿತಾ!" ಎಂದು ಕರೆದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಅವಳು ಹಿತ್ತಿಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಅಯ್ಯೋ ಸಿಸ್ಟರ್, ಫೋನ್ ಮಾಡಿ ಬರಬಾರದಿತ್ತಾ? ಅವರು ಮನೆಯಲ್ಲಿಲ್ಲ. ಬೆಳಿಗ್ಗೆಯೇ ಕುರ್ಚಿ ಉರುಳಿಸಿಕೊಂಡು ಹೊರಗೆ ಹೋಗಿದ್ದಾರೆ."